ಆರು ಹೊತ್ತಿನ ತಾಟು

ಮಗಳ ಅನೋರೆಕ್ಸಿಯಾಕ್ಕೆ (ದಪ್ಪಗಾಗುವ ಭಯದಿಂದ ಊಟ ಬಿಡುತ್ತ ಹೋಗುವ ಮಾನಸಿಕ ಕಾಯಿಲೆ) ಮನೆಯಲ್ಲಿಯೇ ತಾಟು ಬಡಿಸಿಕೊಂಡು ಎದುರಿಗೆ ಕುಳಿತು ಚಿಕಿತ್ಸೆ ನಡೆಸುತ್ತೇವೆ ಎಂದಾಗ, ಮನೆಯ ಹಿರಿಯರಿಂದ ಹಿಡಿದು ಬಾಗಲಕೋಟೆ ಪೇಟೆಯ ಸಹ ವ್ಯಾಪಾರಸ್ಥರವರೆಗೆ ಯಾರೂ ನಂಬಲಿಲ್ಲ. ವೈದ್ಯರಿಗೇ ತಿಳಿಯದ ಕಾಯಿಲೆಯನ್ನು ಗುಳೇದಗುಡ್ಡದ ಖಣ ಮಾರುವವನು ಹೇಗೆ ವಾಸಿಮಾಡುತ್ತಾನೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹದಿನಾಲ್ಕು ತಿಂಗಳ ಬಳಿಕ ವೈದ್ಯರು ಮುಂದಿನ ಭೇಟಿಯನ್ನು ಮೂರು ತಿಂಗಳ ಆಚೆಗೆ ಬರೆದುಕೊಟ್ಟಿದ್ದಾರೆ. ಆ ಧೈರ್ಯದಿಂದ, ಇದೇ ದಾರಿಯಲ್ಲಿರುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಹಿಡಿದದ್ದು ಕುಟುಂಬಾಧಾರಿತ ಚಿಕಿತ್ಸೆ: ಮೊದಲು ಮಗುವಿನ ಊಟದ ಹೊಣೆಯನ್ನು ತಂದೆತಾಯಿಗಳೇ ಹೊತ್ತು, ಚೇತರಿಸಿಕೊಂಡಂತೆ ಅದನ್ನು ಮಗುವಿಗೆ ಮರಳಿಸುವ ಬಗೆ. ಅದರ ಹಂತಗಳನ್ನು ಇಲ್ಲಿ ವಿವರಿಸುವುದಿಲ್ಲ. ತೂಕದ ಅಂಕಿಗಳನ್ನೂ ಮಗಳು ಊಟವನ್ನು ಮರೆಮಾಚುತ್ತಿದ್ದ ಬಗೆಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದನ್ನು ಮಕ್ಕಳೂ ಓದಬಹುದು.

ಮೊದಲ ಏಳೆಂಟು ತಿಂಗಳು ವ್ಯರ್ಥವಾದವು. ಶ್ರಾವಣ ಸೋಮವಾರಗಳಂದು ಅವಳು ಉಪವಾಸ ಹಿಡಿದಾಗ ಭಕ್ತಿಯೆಂದು ನಾವೇ ಹೊಗಳಿದೆವು. ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ಕಾಯಿಲೆಗೆ ಉಪವಾಸ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಅದು ಕಾಯಿಲೆಗೆ ಒಳ್ಳೆಯ ಮರೆಯಾಯಿತು. ಹೊಟ್ಟೆಯ ತೊಂದರೆಯಿರಬಹುದೆಂದು ಎಂಡೋಸ್ಕೋಪಿ, ಸ್ಕ್ಯಾನ್, ಟಾನಿಕ್ ಎಂದು ಸುಮಾರು 38,000 ರೂಪಾಯಿ ಹೋಯಿತು. ದೃಷ್ಟಿ ತೆಗೆಸಲು, ತಾಯತ ಕಟ್ಟಿಸಲು ಇನ್ನೂ ಐದಾರು ಸಾವಿರ. ಮುಟ್ಟು ನಿಂತಿದೆ ಎಂದು ನನ್ನ ಹೆಂಡತಿ ಹೇಳಿದಾಗಲೂ ಒಬ್ಬ ವೈದ್ಯರು ಪರೀಕ್ಷೆಯ ಒತ್ತಡವೆಂದರು. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕುಳಿತಿದ್ದನ್ನು ಕಂಡ ದಿನ ನಾನು ಹೆದರಿದೆ.

ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ನಾಡಿ ತೀರ ನಿಧಾನವಾಗಿದ್ದುದರಿಂದ ಮೊದಲು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇರಿಸಬೇಕಾಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ರಕ್ತ ಪರೀಕ್ಷೆ ಮತ್ತು ಇಸಿಜಿ ಮಾಡಿಸದೆ, ವೈದ್ಯರ ಒಪ್ಪಿಗೆಯಿಲ್ಲದೆ ಈ ಚಿಕಿತ್ಸೆಯನ್ನು ಮನೆಯಲ್ಲಿ ಯಾರೂ ಆರಂಭಿಸಬಾರದು. ಆ ಹನ್ನೊಂದು ದಿನಗಳಿಗೆ 60,000 ರೂಪಾಯಿಗಿಂತ ತುಸು ಹೆಚ್ಚು ಖರ್ಚಾಯಿತು.

ನಮ್ಮ ಅಂಗಡಿ ಹಳೆಯ ಊರಿನಲ್ಲಿದೆ, ಮನೆ ನವನಗರದಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಊಟ, ನಡುವೆ ಮೂರು ಸಲ ತಿನಿಸು. ಪ್ರತಿ ಊಟದ ನಂತರ ಒಂದು ತಾಸು ಅವಳ ಜೊತೆಯಲ್ಲಿಯೇ ಇರಬೇಕು. ಹೆಂಡತಿಯೊಬ್ಬಳೇ ಮೊದಲ ವಾರ ಇದನ್ನು ಹೊತ್ತು ಸೋತಳು. ಮಧ್ಯಾಹ್ನ ಒಂದರಿಂದ ನಾಲ್ಕೂವರೆಯವರೆಗೆ ಅಂಗಡಿಯ ಬಾಗಿಲು ಹಾಕಲು ನಾನು ನಿರ್ಧರಿಸಿದ್ದು ಆಗಲೇ. ತಿಂಗಳಿಗೆ ಹದಿನೈದು ಸಾವಿರದಷ್ಟು ವ್ಯಾಪಾರ ತಪ್ಪಿತು, ಮದುವೆಯ ದಿನಗಳಲ್ಲಿ ಇನ್ನೂ ಹೆಚ್ಚು. ಆದರೆ ಔಷಧ ಅಂಗಡಿಯ ಬಿಲ್ಲಿನಂತೆ ಇದನ್ನೂ ಚಿಕಿತ್ಸೆಯ ಖರ್ಚೆಂದೇ ಲೆಕ್ಕದ ಪುಸ್ತಕದಲ್ಲಿ ಬರೆದೆ. ಈ ಕಾಯಿಲೆಯಲ್ಲಿ ಕೆಲಸ ಮಾಡಿದ ಔಷಧವೆಂದರೆ ಆ ತಾಸುಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪುಗಳು ಅನೇಕ. ಊಟದ ಮುಂದೆ ವಾದ ಮಾಡಿದೆ. ಮೊಬೈಲ್ ಕೊಡಿಸುವ ಆಸೆ ತೋರಿಸಿದೆ. ಒಂದು ರಾತ್ರಿ ತಾಯಿಯ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿದೆ. ಆಣೆಯನ್ನು ಅವಳು ಮುರಿಯಲೇಬೇಕಾಯಿತು, ಏಕೆಂದರೆ ಕಾಯಿಲೆಗೆ ಆಣೆ ತಿಳಿಯುವುದಿಲ್ಲ. ತಾಯಿಗೆ ಕೇಡು ಮಾಡಿದೆನೆಂದು ಮಗು ಎರಡು ದಿನ ಅತ್ತಿತು. ಇಷ್ಟು ನೋವು ನಾನು ಬೇರೆ ಯಾವುದರಿಂದಲೂ ಕೊಟ್ಟಿಲ್ಲ. ಆ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲಿಯೇ ಅರ್ಧ ತಾಸು ಮಾತನಾಡಿದವನು ರೋಗಿಯ ತಂದೆಯಾದ ನಾನು. ಮರುದಿನದಿಂದ ತಾಟಿನ ಮುಂದೆ ಒಂದೇ ವಾಕ್ಯವನ್ನು, ದನಿ ಏರಿಸದೆ, ಎಷ್ಟು ಸಲವಾದರೂ ಹೇಳುವುದನ್ನು ರೂಢಿಸಿಕೊಂಡೆ. ಆ ವಾಕ್ಯ ನಮ್ಮಿಬ್ಬರದು, ಅದನ್ನು ಇಲ್ಲಿ ಬರೆಯಲಾರೆ. ನಿಮ್ಮ ಮಗುವಿಗೆ ಒಪ್ಪುವ ವಾಕ್ಯ ನಿಮಗೇ ಸಿಗುತ್ತದೆ.

ಅಡುಗೆಯಲ್ಲಿ ಕೆಲವು ಪ್ರಯೋಗ ಮಾಡಿದೆವು. ಜೋಳದ ರೊಟ್ಟಿ ಬೇಗ ಹೊಟ್ಟೆ ತುಂಬಿಸುವುದರಿಂದ ಆಹಾರ ತಜ್ಞರನ್ನು ಕೇಳಿ ರೊಟ್ಟಿ ಕಡಿಮೆ ಮಾಡಿ, ಅನ್ನ, ಬೆಣ್ಣೆ, ಶೇಂಗಾ ಹಿಂಡಿ ಮತ್ತು ಗಟ್ಟಿ ಮೊಸರು ಹೆಚ್ಚಿಸಿದೆವು. ಅಮೀನಗಡದ ಕರದಂಟನ್ನು ಅವಳು ಸಿಹಿಯೆಂದು ದೂಡುತ್ತಿದ್ದಳು. ಬೆಲ್ಲ ತಗ್ಗಿಸಿ, ಅಂಟು ಮತ್ತು ಒಣಕೊಬ್ಬರಿ ಹೆಚ್ಚಿಸಿ ನಾನೇ ಮಾಡಿದ್ದು ನಾಲ್ಕನೆಯ ಸಲಕ್ಕೆ ಸರಿಯಾಯಿತು. ಈಗ ನಮ್ಮ ಓಣಿಯವರೂ ಅದನ್ನು ಕೇಳಿ ಒಯ್ಯುತ್ತಾರೆ.

ಐದನೆಯ ತಿಂಗಳು ನಮ್ಮ ಅವ್ವ ಪ್ರೀತಿಯಿಂದಲೇ, "ಈಗ ಮೈ ತುಂಬಿ ಚಂದ ಕಾಣಸ್ತೀ ನೋಡವ್ವ" ಎಂದಳು. ಆ ಒಂದು ಮಾತಿಗೆ ಮೂರು ವಾರಗಳ ಚೇತರಿಕೆ ಹೋಯಿತು. ಅಂದಿನಿಂದ ಮನೆಗೆ ಬರುವವರಿಗೆಲ್ಲ ಅವಳ ಮೈಯ ವಿಷಯವನ್ನು, ಹೊಗಳಿಕೆಯಾದರೂ, ಎತ್ತಬಾರದೆಂದು ಬಾಗಿಲಲ್ಲಿಯೇ ಹೇಳತೊಡಗಿದೆ. ಇಬ್ಬರು ಬೇಸರಪಟ್ಟು ಬರುವುದನ್ನೇ ಬಿಟ್ಟರು.

ವಿಮಾ ಕಂಪನಿಯು ಮಾನಸಿಕ ಕಾಯಿಲೆಯೆಂದು ಮೊದಲು ಹಣ ನಿರಾಕರಿಸಿತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 21(4)ನೇ ಕಲಮಿನ ಪ್ರಕಾರ ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು. ಅದನ್ನು ಉಲ್ಲೇಖಿಸಿ ಮೂರು ಪತ್ರ ಬರೆದ ಮೇಲೆ ಹತ್ತಿರ ಹತ್ತಿರ 40,000 ರೂಪಾಯಿ ಬಂತು. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಒಪ್ಪಬೇಡಿರಿ, ಬರಹದಲ್ಲಿ ಪಡೆಯಿರಿ.

ಜೂನ್‌ನಲ್ಲಿ ಅವಳು ಓದಲು ಧಾರವಾಡಕ್ಕೆ ಹೋಗುತ್ತಾಳೆ. ಹದಿನೈದು ದಿನಕ್ಕೊಮ್ಮೆ ಚಿಕಿತ್ಸಾಲಯದಲ್ಲಿ ತೂಕ ನೋಡಿಸಬೇಕು, ಅಂಕಿ ವೈದ್ಯರಿಗೆ ಮಾತ್ರ ತಿಳಿಯಬೇಕು, ಸತತ ಎರಡು ಸಲ ಇಳಿದರೆ ಕಾಲೇಜು ಬಿಟ್ಟು ಮನೆಗೆ ಬರಬೇಕು ಎಂಬ ಷರತ್ತುಗಳನ್ನು ಮೂವರೂ ಕುಳಿತು ಬರೆದೆವು. ಮಧ್ಯಾಹ್ನದ ಊಟವನ್ನು ಗೆಳತಿಯೊಬ್ಬಳ ಜೊತೆಯಲ್ಲಿಯೇ ಮಾಡುತ್ತೇನೆಂಬ ನಾಲ್ಕನೆಯ ಷರತ್ತನ್ನು ಅವಳೇ ಸೇರಿಸಿ ಸಹಿ ಹಾಕಿದಳು. ಆ ಕಾಗದ ಅಂಗಡಿಯ ಲೆಕ್ಕದ ಪುಸ್ತಕದಲ್ಲಿದೆ.