ಪಕ್ಕದ ಫೇಸಿನ ಕಾಟ: ಫೈಬರ್ ಕರೆಂಟ್ ಸೆನ್ಸರನ್ನು ಸರಿಯಾಗಿ ಸುತ್ತುವುದು ಹೇಗೆ?

ಕಾಸರಗೋಡಿನ ಮೈಲಾಟಿಯ 220 ಕೆವಿ ಸಬ್‌ಸ್ಟೇಷನ್ ಇರಲಿ, ಕುಂಬಳೆ ಕಡೆಯ ಅಡಿಕೆ ತೋಟದ ಪಂಪ್‌ಶೆಡ್ ಇರಲಿ, ಮೂರು ಫೇಸಿನ ತಂತಿಗಳು ಅಕ್ಕಪಕ್ಕವೇ ಓಡುತ್ತವೆ. ಕರೆಂಟ್ ಅಳೆಯಲು ಒಂದಕ್ಕೆ ಸುತ್ತಿದ ಆಪ್ಟಿಕಲ್ ಫೈಬರ್ ಪಕ್ಕದ್ದರ ಕರೆಂಟನ್ನೂ ಸೇರಿಸಿ ಹೇಳಿದರೆ ಮೊದಲು ಸುತ್ತನ್ನೇ ಅನುಮಾನಿಸಿ.

ಕಾಂತಕ್ಷೇತ್ರದಲ್ಲಿ ಬೆಳಕಿನ ಧ್ರುವೀಕರಣದ ದಿಕ್ಕು, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು, ತಿರುಗುವುದನ್ನು ಫ್ಯಾರಡೆ 1845ರಲ್ಲಿ ಕಂಡ. ತಂತಿಯ ಕರೆಂಟು ಹುಟ್ಟಿಸುವ ಕ್ಷೇತ್ರದಿಂದ ಫೈಬರಿನೊಳಗೆ ಆ ದಿಕ್ಕು ಎಷ್ಟು ತಿರುಗಿತೋ ಅದರಿಂದಲೇ ಕರೆಂಟು ಗೊತ್ತಾಗುತ್ತದೆ. ಫೈಬರ್ ಪೂರ್ತಿ ಸುತ್ತು ಬಂದಿದ್ದರೆ ಹೊರಗಿನ ತಂತಿಯ ಪ್ರಭಾವ ಒಂದು ಬದಿಯಲ್ಲಿ ಕೂಡಿ ಇನ್ನೊಂದು ಬದಿಯಲ್ಲಿ ಕಳೆದು ಸೊನ್ನೆಯಾಗುತ್ತದೆ. ಆದರೆ ಸುತ್ತು ಮುಚ್ಚಿರಬೇಕು, ಉದ್ದಕ್ಕೂ ಸಂವೇದನೆ ಒಂದೇ ಸಮ ಇರಬೇಕು.

ಪರೀಕ್ಷೆ ಲ್ಯಾಬಿನಲ್ಲೇ ಮಾಡಿ, ಲೈನಿನ ಮೇಲೆ ಬೇಡ. ಸುತ್ತಿನೊಳಗೆ ತಂತಿ ಇಡಬೇಡಿ. 5 ಆಂಪಿಯರ್ ತಂತಿಯನ್ನು 20 ಸುತ್ತು ಕಟ್ಟಿದ ಕಂತೆಯ ಒಂದು ಬದಿಯನ್ನು ಸೆನ್ಸರಿನ ಹೊರಗೆ ನಿಲ್ಲಿಸಿದರೆ 100 ಆಂಪಿಯರ್ ತಂತಿಯಂತೆ ವರ್ತಿಸುತ್ತದೆ. ಮರಳುವ ಬದಿ ಕನಿಷ್ಠ 1 ಮೀಟರ್ ದೂರವಿರಲಿ. ಕಂತೆಯನ್ನು ಸುತ್ತಲೂ ಸರಿಸುತ್ತಾ ಹೋಗಿ. ಮೀಟರ್ ಎಲ್ಲಿ ಏಳುತ್ತದೋ ಅಲ್ಲೇ ಕುಂದು.

ಹೆಚ್ಚಾಗಿ ಅದು ಎರಡು ತುದಿಗಳ ನಡುವಿನ ಸಂದು. ಒಂದೇ ಸುತ್ತಿನಲ್ಲಿ 5 ಮಿ.ಮೀ. ಸಂದು, ಅದರಿಂದ 30 ಸೆಂ.ಮೀ. ದೂರದಲ್ಲಿ ಅಷ್ಟೇ ಕರೆಂಟಿನ ತಂತಿ ಇದ್ದರೆ ಸುಮಾರು ಶೇ. 0.27ರಷ್ಟು ತಪ್ಪು. 10 ಸುತ್ತು ಹಾಕಿದರೆ 0.027ಕ್ಕೆ ಇಳಿಯುತ್ತದೆ, ಯಾಕೆಂದರೆ ಸಂದು ಒಂದೇ ಉಳಿಯುತ್ತದೆ. ಪೂರ್ತಿ ಮುಚ್ಚಲಾಗದಿದ್ದರೆ ಜಾಗ ಬದಲಿಸಿ: ಪಕ್ಕದ ತಂತಿಯ ನಡುವಿನಿಂದ ನೂಲು ಎಳೆದಂತೆ ಊಹಿಸಿ, ಅದು ಸುತ್ತನ್ನು ಸವರಿ ಹೋಗುವ ಬಿಂದುವಿನಲ್ಲಿ ಸಂದು ಬರಲಿ. ಅಲ್ಲಿ ಕ್ಷೇತ್ರ ಫೈಬರಿಗೆ ಅಡ್ಡಲಾಗಿರುತ್ತದೆ, ತಪ್ಪು ಬಹುತೇಕ ಇಲ್ಲವಾಗುತ್ತದೆ. ಪಕ್ಕದ ತಂತಿಗೆ ನೇರ ಮುಖಮಾಡಿದ ಸಂದಿನಷ್ಟು ಕೆಟ್ಟದ್ದು ಬೇರಿಲ್ಲ.

ಎರಡನೆಯ ಕುಂದು ಬಿಗಿತ. ಕೇಬಲ್ ಟೈ ಹಾಕಿ ಒತ್ತಿದರೆ, ಚೂಪಾಗಿ ಬಗ್ಗಿಸಿದರೆ ಅಷ್ಟು ಭಾಗದ ಸಂವೇದನೆ ಬೇರೆಯಾಗಿ ಕೂಡು-ಕಳೆ ಲೆಕ್ಕ ತಪ್ಪುತ್ತದೆ. ತಿರುಚಿ ಎಳೆದ 'ಸ್ಪನ್' ಫೈಬರನ್ನು ಸಡಿಲ ಕೊಳವೆಯೊಳಗೆ ಹಾಯಿಸುವುದು ವಾಸಿ.

ಫೈಬರ್ ಬದಲು ಗಾಜಿನ ತುಂಡು ಇದ್ದರೆ ಎರಡು ತುಂಡು ತಂತಿಯ ಎದುರುಬದುರು ಇಟ್ಟು ಅವುಗಳ ಓದನ್ನು ಕಳೆಯಿರಿ. ದೂರದ ತಂತಿಯ ಕ್ಷೇತ್ರ ಹೋಗುತ್ತದೆ, ಹತ್ತಿರದ್ದು ಅಷ್ಟಿಷ್ಟು ಉಳಿಯುತ್ತದೆ. ಹೊರಗಿನ ಕ್ಷೇತ್ರ ತಡೆಯಲು ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿಬಿಡೋಣ ಎನ್ನುವವರಿದ್ದಾರೆ. ಒಂದೇ ಫೇಸಿನ ಸುತ್ತ ಉಕ್ಕು ಪೂರ್ತಿ ಮುಚ್ಚಿದರೆ ಪೆಟ್ಟಿಗೆಯೇ ಬಿಸಿಯಾಗುತ್ತದೆ.