ಹಿತ್ತಿಲ ದಾಲ್ಚಿನ್ನಿ: ಎಲೆಗಷ್ಟೇ ಅಲ್ಲ, ಚಕ್ಕೆಗೂ

ಮಲೆನಾಡಿನ ಎಷ್ಟೋ ಮನೆಗಳ ಹಿತ್ತಿಲಲ್ಲಿ ದಾಲ್ಚಿನ್ನಿ ಮರ ಇರುತ್ತದೆ. ಪಲಾವಿಗೆ ಎರಡು ಎಲೆ ಕಿತ್ತು ತರುತ್ತಾರೆ, ಚಕ್ಕೆ ಮಾತ್ರ ಅಂಗಡಿಯದ್ದೇ. ಬೆಳೆದ ಮರದ ತೊಗಟೆ ಒರಟು, ಸುಲಿಯೋದೂ ಕಷ್ಟ. ಒಳ್ಳೆ ಚಕ್ಕೆ ಬೇಕಾದರೆ ಗಿಡವನ್ನು ಮರವಾಗಲು ಬಿಡದೆ ಪೊದೆಯಾಗಿ ಸಾಕಬೇಕು. ಶಿರಸಿ ಕಡೆಯ ನಮ್ಮ ಬೇಣದಲ್ಲಿ (ಹುಲ್ಲು ಬೆಳೆಯುವ ಖುಷ್ಕಿ ಜಾಗ) ನಾನು ಮಾಡಿದ್ದು ಇಷ್ಟೇ.

ಬೀಜದಿಂದಲೇ ಸಸಿ ಮಾಡಿದೆ. ಮಳೆಗಾಲದ ಹೊತ್ತಿಗೆ ಹಣ್ಣು ಕಪ್ಪಾಗುತ್ತದೆ, ಹಕ್ಕಿಗಳು ಬಿಟ್ಟರೆ ನಮಗೆ. ತಿರುಳು ತೊಳೆದು ತಕ್ಷಣ ಬಿತ್ತಬೇಕು. ಒಣಗಿಸಿಟ್ಟ ಬೀಜ ಹುಟ್ಟೋದು ಕಷ್ಟ. ಮುಂದಿನ ಮಳೆಗಾಲಕ್ಕೆ ನೀರು ನಿಲ್ಲದ ಜಾಗ ನೋಡಿ ನೆಟ್ಟೆ. ಎಳೆ ಚಿಗುರಿಗೆ ಚಿಟ್ಟೆಯ ಹುಳ ಬೀಳುತ್ತದೆ, ಕೈಯಲ್ಲೇ ಆರಿಸಿ ತೆಗೆದೆ.

3ನೇ ವರ್ಷ ನೆಲದಿಂದ ಅರ್ಧ ಅಡಿ ಬಿಟ್ಟು ಕಡಿದು, ಬುಡಕ್ಕೆ ಮಣ್ಣು ಏರಿಸಿದೆ. ಅಪ್ಪನಿಗೆ ಇದು ಒಂಚೂರೂ ಇಷ್ಟವಾಗಲಿಲ್ಲ. ಬುಡದ ಸುತ್ತ ಚಿಗುರು ಎದ್ದವು. ನೆಟ್ಟಗಿರುವ ನಾಲ್ಕೈದನ್ನು ಉಳಿಸಿಕೊಂಡೆ.

ಆ ಕೋಲುಗಳು ಹೆಬ್ಬೆರಳು ದಪ್ಪ, ಆಳೆತ್ತರ ಆದಾಗ ಕೊಯ್ಲು. ಕೆಂಪು ಚಿಗುರು ಹಸಿರಿಗೆ ತಿರುಗಿರಬೇಕು. ಮಳೆ ಕಡಿಮೆಯಾಗುವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಒಳ್ಳೆ ಸಮಯ. ಚಾಕುವಿನಿಂದ ಸಣ್ಣ ಗೀರು ಹಾಕಿ ನೋಡುತ್ತೇನೆ. ತೊಗಟೆ ಸಲೀಸಾಗಿ ಎದ್ದು ಬಂದರೆ ಕಡಿಯುತ್ತೇನೆ, ಅಂಟಿಕೊಂಡಿದ್ದರೆ ಒಂದು ವಾರ ಕಾಯುತ್ತೇನೆ.

ಕಡಿದ ದಿನವೇ ಸುಲಿಯಬೇಕು. ಮೊದಲು ಮೇಲಿನ ಸಿಪ್ಪೆ ಹೆರೆದು, ಹಿತ್ತಾಳೆ ಸೌಟಿನ ಹಿಡಿಯಿಂದ ಗಟ್ಟಿಯಾಗಿ ಉಜ್ಜುತ್ತೇನೆ. ತೊಗಟೆ ಸಡಿಲವಾಗುತ್ತದೆ. ಆಮೇಲೆ ಗೇಣಿಗೊಂದು ಸುತ್ತುಗೀರು, ಉದ್ದಕ್ಕೆ ಎರಡು ಗೀರು. ಮೊಂಡು ಚಾಕು ತೂರಿಸಿ ಎಬ್ಬಿಸಿದರೆ ತೊಗಟೆ ದೋಣಿಯ ಹಾಗೆ ಕೈಗೆ ಬರುತ್ತದೆ. ಸಣ್ಣ ಚೂರುಗಳನ್ನು ದೊಡ್ಡದರೊಳಗೆ ತುಂಬಿ ಸುರುಳಿ ಮಾಡಿ ನೆರಳಲ್ಲಿ ಒಣಗಿಸುತ್ತೇನೆ. ಮನೆಯೆಲ್ಲ ಘಮ!

ಒಣಗಿದ ಚಕ್ಕೆ ಪದರ ಪದರ, ಬೆರಳಲ್ಲೇ ಮುರಿಯುತ್ತದೆ. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ಚಕ್ಕೆ ಬಹುಪಾಲು ಕ್ಯಾಸಿಯಾ, ಇದರ ದಾಯಾದಿ. ಅದರ ಖಾರ ಜಾಸ್ತಿ, ಅತಿಯಾದರೆ ಲಿವರ್‌ಗೆ ತೊಂದರೆ ಕೊಡಬಹುದಾದ ಕೂಮರಿನ್ ಅಂಶವೂ ಜಾಸ್ತಿ. ದಿನಾ ಕಷಾಯಕ್ಕೆ ಹಾಕುವವರು ಇದನ್ನು ಗಮನಿಸಬೇಕು. ಬಿರಿಯಾನಿಗೆ ಗಟ್ಟಿ ಘಾಟು ಬೇಕು ಅನ್ನೋರಿಗೆ ಮಾತ್ರ ನಮ್ಮದು ಸಪ್ಪೆ ಅನ್ನಿಸಬಹುದು.

ಎಲೆಯ ವಾಸನೆ ಬೇರೆಯೇ. ಹಿಸುಕಿ ನೋಡಿ, ಲವಂಗ ಇದ್ದ ಹಾಗೆ. ಎರಡರಲ್ಲೂ ಇರೋದು ಯೂಜಿನಾಲ್ ಅನ್ನೋ ಪರಿಮಳದ ಅಂಶ, ಅದಕ್ಕೇ. ಬಲಿತ ಎಲೆಯನ್ನೇ ಬಳಸುತ್ತೇವೆ. ಬೆಲ್ಲ, ಶುಂಠಿ ಜೊತೆ ಕುದಿಸಿದರೆ ಮಳೆಗಾಲಕ್ಕೆ ಒಳ್ಳೆ ಕಷಾಯ.

ಚಕ್ಕೆ ಮಾರ್ತೀರಾ ಅಂತ ಕೇಳುವವರಿದ್ದಾರೆ. ಸುಲಿಯುವ ಕೂಲಿ ಲೆಕ್ಕ ಹಾಕಿದರೆ ಮನೆ ಖರ್ಚಿಗೆ, ನೆಂಟರಿಗೆ ಕೊಡೋಕೆ ಅಷ್ಟೇ ಸರಿ. ಸುಲಿದ ಕೋಲುಗಳು ಬಚ್ಚಲ ಒಲೆಗೆ.