ಗೊಂಬೆ ಮೆಟ್ಟಿಲ ಮೇಲೆ ಎಂಟರ್‌ಪ್ರೈಸ್: ಮನೆಯಲ್ಲೇ ಸ್ಟಾರ್ ಟ್ರೆಕ್ ಹಬ್ಬ

ಉಪ್ಪಿನ ಡಬ್ಬಿಯಿಂದ ಶುರು ಮಾಡೋಣ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಟಿವಿಯಲ್ಲಿ 'ಸ್ಟಾರ್ ಟ್ರೆಕ್' ಮೊದಲ ಸಲ ಪ್ರಸಾರವಾಯಿತು. ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಸಿಬ್ಬಂದಿಯ ಸಾಹಸಗಳ ಧಾರಾವಾಹಿ ಇದು. ಆವತ್ತಿನ ಕಂತಿನಲ್ಲಿ ಉಪ್ಪಿಗಾಗಿ ಮನುಷ್ಯರನ್ನೇ ಕೊಲ್ಲುವ ಒಂದು ಜೀವಿ ಬರುತ್ತದೆ. ಹಾಗಾಗಿ ಸೆಟ್ಟಿಗೆ ಉಪ್ಪಿನ ಡಬ್ಬಿ ಬೇಕಾಯಿತು. ಮುಂದಿನ ಕಾಲದ್ದು ಅನ್ನಿಸಲಿ ಅಂತ ವಿಚಿತ್ರ ಆಕಾರದ ಡಬ್ಬಿಗಳನ್ನು ಕೊಂಡು ತಂದರು. ಆದರೆ ಅವನ್ನು ನೋಡಿದವರಿಗೆ ಉಪ್ಪಿನ ಡಬ್ಬಿ ಅಂತ ಗೊತ್ತೇ ಆಗುವ ಹಾಗಿರಲಿಲ್ಲ. ಕೊನೆಗೆ ಮಾಮೂಲಿ ಡಬ್ಬಿಯನ್ನೇ ಬಳಸಿದರು. ತಂದದ್ದನ್ನು ಬಿಸಾಡಲಿಲ್ಲ. ಹಡಗಿನ ವೈದ್ಯ ಡಾಕ್ಟರ್ ಮೆಕಾಯ್ ಕೈಗೆ ಕೊಟ್ಟು, ಕಾಯಿಲೆ ಪತ್ತೆ ಹಚ್ಚುವ ಉಪಕರಣ ಮಾಡಿಬಿಟ್ಟರು.

ಈ ಧಾರಾವಾಹಿ ಮೇಲೆ ನನಗಿರುವ ಪ್ರೀತಿಗೆ ಅರ್ಧ ಕಾರಣ ಇದೇ. ವಾರ ವಾರ ಅಷ್ಟು ದೊಡ್ಡ ಹಡಗು ಗ್ರಹದ ಮೇಲೆ ಇಳಿಯುವುದನ್ನು ತೋರಿಸೋಕೆ ಖರ್ಚು ಜಾಸ್ತಿ. ಅದಕ್ಕೇ ಜನರನ್ನು ಇಲ್ಲಿ ಮಾಯ ಮಾಡಿ ಅಲ್ಲಿ ಇಳಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟಿತು. ಆಗ ಕಾಣುವ ಮಿನುಗು ಏನು ಗೊತ್ತಾ? ಬೆಳಕಿನಲ್ಲಿ ಉದುರಿಸಿದ ಅಲ್ಯೂಮಿನಿಯಂ ಪುಡಿ! ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಅಪ್ಪನ ಪಕ್ಕ ಕೂತು ನೋಡುವಾಗ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಪ್ರೀತಿ ಇನ್ನೂ ಹೆಚ್ಚಿತು. ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿದ ಲೋಕವನ್ನು ನಾವೂ ಕೈಯಾರೆ ಮಾಡಿಯೇ ಸಂಭ್ರಮಿಸಬೇಕು, ಅಲ್ವಾ?

2026ರ ಸೆಪ್ಟೆಂಬರ್ 8ಕ್ಕೆ ಸ್ಟಾರ್ ಟ್ರೆಕ್‌ಗೆ 60 ವರ್ಷ. ಅದಾಗಿ ಕೆಲವೇ ವಾರಕ್ಕೆ ನವರಾತ್ರಿ. ಈಗ ಮಾಡಿಟ್ಟದ್ದನ್ನೆಲ್ಲ ಗೊಂಬೆ ಕೂರಿಸುವಾಗ ಒಂದು ಮೆಟ್ಟಿಲ ಮೇಲೆ ಜೋಡಿಸಬಹುದು. ಎರಡು ಭಾನುವಾರ ಬಿಡುವು ಮಾಡಿಕೊಂಡರೆ ಸಾಕು.

ಮೊದಲು ಟ್ರಿಬಲ್

ಟ್ರಿಬಲ್ ಅಂದರೆ ಈ ಧಾರಾವಾಹಿಯಲ್ಲಿ ಬರುವ ಒಂದು ಜೀವಿ, ಕಣ್ಣು, ಕಿವಿ, ಕೈಕಾಲು ಏನೂ ಕಾಣದ ರೋಮದ ಉಂಡೆ. ಮುಟ್ಟಿದರೆ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ತಿಂದಷ್ಟೂ ಮರಿ ಹಾಕುತ್ತದೆ. 1967ರ ಡಿಸೆಂಬರ್ 29ರ ಕಂತಿನಲ್ಲಿ ಇವು ಧಾನ್ಯದ ಉಗ್ರಾಣಕ್ಕೇ ನುಗ್ಗುತ್ತವೆ. ಬಾಗಿಲು ತೆಗೆದ ಹಡಗಿನ ಕ್ಯಾಪ್ಟನ್ ಕರ್ಕ್ ಮೇಲೆ ರಾಶಿ ರಾಶಿಯಾಗಿ ಸುರಿಯುತ್ತವೆ. ವಾ ಚಾಂಗ್ ಎಂಬ ಕಲಾವಿದ ರೂಪಿಸಿದ ಈ ಜೀವಿ ಕೃತಕ ರೋಮದ ಬಟ್ಟೆಯೊಳಗೆ ಫೋಮ್ ತುಂಬಿದ ಉಂಡೆ, ಅಷ್ಟೇ. ಸೂಜಿ ಹಿಡಿಯಲು ಬರುವ ಯಾರು ಬೇಕಾದರೂ ಹೊಲಿಯಬಹುದು.

ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಬಟ್ಟೆ ಅಂಗಡಿಗಳಲ್ಲಿ 'ಟೆಡ್ಡಿ ಬೇರ್ ಮಾಡುವ ಫರ್ ಬಟ್ಟೆ' ಅಂತ ಕೇಳಿ. ಕಂದು, ಬೂದು, ಕೆನೆ ಬಣ್ಣ ಚೆನ್ನ. ರೋಮ ಒಂದು ಇಂಚಾದರೂ ಉದ್ದ ಇರಲಿ. ಗಿಡ್ಡ ರೋಮದ್ದು ತಂದರೆ ಹೊಲಿಗೆ ಕಾಣುತ್ತದೆ.

ಬಟ್ಟೆಯನ್ನು ಮಗುಚಿ ಹಾಕಿ. ಹಿಂಬದಿಯಲ್ಲಿ 25 ಸೆಂಟಿಮೀಟರ್ ಅಗಲದ ವೃತ್ತ ಬರೆಯಿರಿ. ಊಟದ ತಟ್ಟೆ ಇಟ್ಟು ಗೀಚಿದರೂ ಆಯಿತು. ಇಲ್ಲಿ ಕತ್ತರಿ ಬೇಡ. ಬ್ಲೇಡಿನಿಂದ ಹಿಂದಿನ ನೇಯ್ಗೆಯನ್ನು ಮಾತ್ರ ಸೀಳಿ, ಆಮೇಲೆ ಎರಡೂ ಕಡೆ ಹಿಡಿದು ಮೆಲ್ಲಗೆ ಬಿಡಿಸಿ. ಆಗ ಒಂದು ರೋಮವೂ ತುಂಡಾಗುವುದಿಲ್ಲ. ಕತ್ತರಿ ಹಾಕಿದರೆ ಅಂಚಿನ ರೋಮ ಎಲ್ಲ ಮೊಂಡಾಗಿ, ಮನೆ ತುಂಬ ಹಾರಾಡುತ್ತದೆ.

ಎರಡೆಳೆ ದಾರದಲ್ಲಿ ವೃತ್ತದ ಸುತ್ತ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಉದ್ದುದ್ದ ಹೊಲಿಗೆ ಹಾಕುತ್ತಾ ಬನ್ನಿ. ದಾರ ಎಳೆದರೆ ಚೀಲದ ಬಾಯಿಯ ಹಾಗೆ ನೆರಿಗೆ ಕೂಡಿಕೊಳ್ಳುತ್ತದೆ. ಹತ್ತಿ ಅಥವಾ ಹಳೆ ದಿಂಬಿನ ಫೈಬರ್ ತುಂಬಿ. ಗಟ್ಟಿಯಾಗಿ ಗಿಡಿಯಬೇಡಿ. ಕೈಯಲ್ಲಿ ಹಿಡಿದರೆ ಸ್ವಲ್ಪ ಕುಗ್ಗಬೇಕು, ಆಗಲೇ ಜೀವ ಇದೆ ಅನ್ನಿಸುವುದು. ಬಾಯಿ ಬಿಗಿದು ನಾಲ್ಕು ಸಲ ಅಡ್ಡಡ್ಡ ಹೊಲಿದು ಗಂಟು ಹಾಕಿ. ಕೊನೆಗೆ ಸೂಜಿಯ ತುದಿಯಿಂದ ಹೊಲಿಗೆಯಲ್ಲಿ ಸಿಕ್ಕಿಕೊಂಡ ರೋಮವನ್ನು ಒಂದೊಂದಾಗಿ ಹೊರಗೆ ಎಳೆಯಿರಿ. ಈ ಹತ್ತು ನಿಮಿಷದ ಕೆಲಸ ತಪ್ಪಿಸಬೇಡಿ. ಹೊಲಿಗೆ ಕಣ್ಣೆದುರೇ ಮಾಯವಾಗುತ್ತದೆ.

ಗುರುಗುಟ್ಟಬೇಕಾ? ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಮೊಬೈಲಿನ ವೈಬ್ರೇಟರ್ ಮೋಟಾರ್ ಕೇಳಿ. ಅದನ್ನೂ ಎರಡು ಪೆನ್ಸಿಲ್ ಸೆಲ್ ಹಿಡಿಯುವ ಸ್ವಿಚ್ ಡಬ್ಬಿಯನ್ನೂ ಜೋಡಿಸಿ ಹತ್ತಿಯ ನಡುವೆ ಇಡಿ. ಸೆಲ್ ಬದಲಾಯಿಸೋಕೆ ತಳದಲ್ಲಿ ಪ್ರೆಸ್ ಬಟನ್ ಹಾಕಿ. ಮಕ್ಕಳಿರುವ ಮನೆಯಲ್ಲಿ ಬಟನ್ ಸೆಲ್ ಮಾತ್ರ ಬಳಸಬೇಡಿ, ನುಂಗಿದರೆ ಪ್ರಾಣಕ್ಕೆ ಅಪಾಯ.

ಬಾಣದ ಆಕಾರದ ಖಾರಾ ಬಿಸ್ಕೆಟ್

ಎಂಟರ್‌ಪ್ರೈಸ್ ಸಿಬ್ಬಂದಿಯ ಎದೆ ಮೇಲಿನ ಬಾಣದ ತುದಿಯಂಥ ಲಾಂಛನವನ್ನು ಬಿಸ್ಕೆಟ್ ಮಾಡಬಹುದು. ಐಸಿಂಗ್ ಹಾಕಿದ ಸಿಹಿ ಕುಕೀ ಎಲ್ಲರೂ ಮಾಡುತ್ತಾರೆ. ಬೆಂಗಳೂರಿನವರು ಅಯ್ಯಂಗಾರ್ ಬೇಕರಿಯ ರುಚಿಯಲ್ಲೇ ಮಾಡಬೇಕು ಅನ್ನುವುದು ನನ್ನ ಆಸೆ.

ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿಕೊಳ್ಳಿ. ಗಮನಿಸಿ, ಆ ಬಾಣದ ಎರಡು ಕಾಲು ಒಂದೇ ಉದ್ದ ಇಲ್ಲ. 200 ಗ್ರಾಂ ಮೈದಾಕ್ಕೆ 100 ಗ್ರಾಂ ತಣ್ಣಗಿನ ಬೆಣ್ಣೆ, ಒಂದೂವರೆ ಚಮಚ ಸಕ್ಕರೆ ಪುಡಿ, ಮುಕ್ಕಾಲು ಚಮಚ ಉಪ್ಪು ಸೇರಿಸಿ ಬೆರಳ ತುದಿಯಲ್ಲೇ ಉಜ್ಜಿ. ಎರಡು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ. ಸೊಪ್ಪಿನಲ್ಲಿ ನೀರಿನ ಪಸೆ ಇರಬಾರದು. ಜೀರಿಗೆ ಚಿಟಿಕೆ. ಹಿಟ್ಟು ಕೂಡುವಷ್ಟು ಮಾತ್ರ ಮೊಸರು, ಎರಡು ಮೂರು ದೊಡ್ಡ ಚಮಚ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಬಿಸ್ಕೆಟ್ ಗಟ್ಟಿಯಾಗುತ್ತದೆ.

ಹೋದ ವರ್ಷ ನನ್ನ ಮೊದಲ ತಟ್ಟೆಯ ಬಾಣಗಳೆಲ್ಲ ಹರಡಿ ಗುಂಡಗಾದವು. ಹಿಟ್ಟು ತಣ್ಣಗಿರಲಿಲ್ಲ, ಜೊತೆಗೆ ಬೇಕಿಂಗ್ ಪೌಡರ್ ಹಾಕಿದ್ದೆ. ಈಗ ಪೌಡರ್ ಬಿಟ್ಟಿದ್ದೇನೆ. ಹಿಟ್ಟನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ರಟ್ಟಿಟ್ಟು ಕತ್ತರಿಸಿ, ನಡುವೆ ಚಾಕುವಿನಲ್ಲಿ ನಕ್ಷತ್ರ ಗೀರಿ. ತಟ್ಟೆ ಸಮೇತ ಇನ್ನೊಂದು ಕಾಲು ಗಂಟೆ ಫ್ರಿಜ್ಜಿಗೆ. ಆಮೇಲೆ ಓವನ್ನಿನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 22 ನಿಮಿಷ. ಅಂಚು ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯಿರಿ.

ಕುಡಿಯೋಕೆ ಶಂಖಪುಷ್ಪದ ಶರಬತ್ತು. ಬಿಸಿನೀರಿಗೆ ಹೂವು ಹಾಕಿದರೆ ಕಡು ನೀಲಿ. ನಿಂಬೆಹಣ್ಣು ಹಿಂಡಿದರೆ ಕಣ್ಣ ಮುಂದೆಯೇ ನೇರಳೆ. ಮಕ್ಕಳ ಕೈಯಲ್ಲೇ ಹಿಂಡಿಸಿ.

ಅಗರಬತ್ತಿ ಕೊಳವೆಯ ಹಡಗು

ಎರಡು ಪೇಪರ್ ತಟ್ಟೆ ಮುಖಾಮುಖಿ ಅಂಟಿಸಿದರೆ ಎಂಟರ್‌ಪ್ರೈಸ್‌ನ ಮುಂಭಾಗ. ಖಾಲಿ ಅಗರಬತ್ತಿ ಕೊಳವೆ ಎರಡು, ಅದರ ಎಂಜಿನ್. ಕೆಳಗಿನ ಒಡಲಿಗೆ ದಪ್ಪ ರಟ್ಟಿನ ಕೊಳವೆ. ಟೇಬಲ್ ಟೆನಿಸ್ ಚೆಂಡನ್ನು ಅರ್ಧ ಮಾಡಿ ಎಂಜಿನ್ ಮೂತಿಗೆ ಕೂರಿಸಿ, ಒಳಗೆ ಕೆಂಪು ಎಲ್‌ಇಡಿ. ಎರಡು ಪೆನ್ಸಿಲ್ ಸೆಲ್‌ಗೆ ಜೋಡಿಸುವಾಗ ಪ್ರತಿ ಎಲ್‌ಇಡಿಗೂ 68 ಓಮ್‌ನ ರೆಸಿಸ್ಟರ್ ಹಾಕಿ. ಟಿವಿಯಲ್ಲಿ ಬಂದ ಅಸಲಿ ಮಾದರಿ 11 ಅಡಿ ಉದ್ದದ್ದು. ಈಗ ಅಮೆರಿಕದ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ.

ಕೊಂಡದ್ದು, ಕೂಡಿಟ್ಟದ್ದು

ಕೊಳ್ಳುವುದು ತಪ್ಪೇನಲ್ಲ. ಹಳೆಯ ಪೇಪರ್‌ಬ್ಯಾಕ್ ಹುಡುಕೋಕೆ ಚರ್ಚ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳಾದ ಬ್ಲಾಸಮ್, ಬುಕ್‌ವರ್ಮ್‌ಗೆ ಹೋಗಿ. ಅವೆನ್ಯೂ ರೋಡಿನಲ್ಲೂ ಸುಮ್ನೆ ಒಂದು ಸುತ್ತು ಹಾಕಿ. ಆನ್‌ಲೈನಿನಲ್ಲಿ ಮಾದರಿ ತರಿಸಿದರೆ ಡಬ್ಬಿ ತೆರೆಯುವಾಗ ವಿಡಿಯೊ ಮಾಡಿಕೊಳ್ಳಿ. ನಾನು ತರಿಸಿದ ಒಂದು ಹಡಗಿನ ಎಂಜಿನ್ ಮುರಿದೇ ಬಂದಿತ್ತು, ತೋರಿಸೋಕೆ ಪುರಾವೆ ಇರಲಿಲ್ಲ. ಬಿಸಿಲು ಬೀಳುವ ಕಿಟಕಿ ಪಕ್ಕ ಏನನ್ನೂ ಇಡಬೇಡಿ, ಬಣ್ಣ ಹೋಗುತ್ತದೆ.

ಮೆಟ್ಟಿಲು ಜೋಡಣೆ

ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದ್ದೇ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಸ್ಟಾರ್ ಟ್ರೆಕ್‌ಗೆ. ಕಪ್ಪು ಬ್ಲೌಸ್ ಪೀಸ್ ಹಾಸಿ, ಚಮಕಿ ಚೆಲ್ಲಿದರೆ ಆಕಾಶ. ಚನ್ನಪಟ್ಟಣದ ಮರದ ಗೊಂಬೆಗಳಿಗೆ ಪುಟ್ಟ ಅಂಗಿ ಹೊಲಿಯಿರಿ. ಹಡಗಿನ ವಿಜ್ಞಾನ ಅಧಿಕಾರಿ ಸ್ಪಾಕ್ ಮತ್ತು ಡಾಕ್ಟರಿಗೆ ನೀಲಿ, ಎಂಜಿನಿಯರಿಗೆ ಕೆಂಪು. ಕ್ಯಾಪ್ಟನ್ ಅಂಗಿ ಟಿವಿಯಲ್ಲಿ ಹಳದಿಯಾಗಿ ಕಂಡರೂ ನಿಜವಾದ ಬಟ್ಟೆ ತಿಳಿಹಸಿರು. ಕ್ಯಾಮೆರಾ ಬೆಳಕಿನಲ್ಲಿ ಹಾಗೆ ಬದಲಾಗುತ್ತಿತ್ತು. ನಾನು ಹಸಿರನ್ನೇ ಹೊಲಿದೆ. ಗೊಂಬೆ ನೋಡೋಕೆ ಬಂದವರು ಯಾಕೆ ಹಸಿರು ಅಂತ ಕೇಳುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ. ಟ್ರಿಬಲ್‌ಗಳನ್ನು ಒಂದೇ ಕಡೆ ಇಡಬೇಡಿ. ಚೆಟ್ಟಿಯಾರ್ ಗೊಂಬೆಯ ಅಕ್ಕಿ, ಬೇಳೆ ಅಂಗಡಿಯೊಳಗೆ ಎರಡು ನುಗ್ಗಿರಲಿ. ಧಾನ್ಯ ಇದ್ದಲ್ಲಿಗೆ ಅವು ಬಂದೇ ಬರುತ್ತವೆ!

ವಿಜಯದಶಮಿ ಮುಗಿದು ಗೊಂಬೆ ಎತ್ತಿಡುವಾಗ ಸೆಲ್‌ಗಳನ್ನು ತೆಗೆಯಿರಿ, ಇಲ್ಲದಿದ್ದರೆ ಸೋರಿ ತುಕ್ಕು ಹಿಡಿಯುತ್ತದೆ. ಟ್ರಿಬಲ್‌ಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯ ಜೊತೆ ಪೆಟ್ಟಿಗೆಯಲ್ಲಿ ಎಲ್ಲದಕ್ಕಿಂತ ಮೇಲೆ ಇಡಿ. ಭಾರ ಬಿದ್ದರೆ ರೋಮ ಒತ್ತಿಹೋಗುತ್ತದೆ.